ಬೊಬ್ಬೆಯೂ ಹಾಡಾಗುವುದೇ?

2025ರ ಜನವರಿ ತಿಂಗಳು. ಶಾಲಾ ವಾರ್ಷಿಕೋತ್ಸವದ ತಯಾರಿ ಭರದಿಂದ ಸಾಗಿತ್ತು. ಒಂದು ಕೋಣೆಯಲ್ಲಿ ಸಮೂಹ ಗಾನ, ಇನ್ನೊಂದರಲ್ಲಿ ಕೋಲಾಟ, ಜಗಲಿಯಲ್ಲಿ ನಾಟಕದ ಮಾತುಗಳ ಬಾಯಿಪಾಠ. ಹತ್ತನೆಯ ತರಗತಿಯ ಹುಡುಗನೊಬ್ಬ ನನ್ನ ಬಳಿಗೆ ಬಂದು, "ಮಾಷೇ, ನಾನೊಂದು ಹಾಡು ಹೇಳಬೇಕೆಂದಿದ್ದೇನೆ. ಮೊದಲು ನೀವು ಕೇಳಿ" ಎಂದು ಮೊಬೈಲನ್ನು ಕೈಗಿತ್ತ. ಕೇಳಿದೆ. ಮೊದಲಿಗೆ ಗಿಟಾರಿನ ಗುಡುಗು, ಅದರ ಹಿಂದೆ ಡ್ರಮ್ಮಿನ ಸುರಿಮಳೆ, ಆಮೇಲೆ ಒಬ್ಬ ಮನುಷ್ಯನ ಬೊಬ್ಬೆ! ಗಂಟಲು ಹರಿದುಹೋಗುವಂತಹ ಬೊಬ್ಬೆ. ಸಾಹಿತ್ಯದ ಒಂದಕ್ಷರವೂ ನನಗೆ ತಿಳಿಯಲಿಲ್ಲ.

ಮರುದಿನ ಅವನ ತಂದೆಯೇ ಶಾಲೆಗೆ ಬಂದರು. "ಮಾಷೇ, ಇದು ಹಾಡೋ, ಹುಚ್ಚೋ? ಮನೆಯಲ್ಲಿ ಹಗಲಿರುಳೂ ಇದೇ. ಊಟಕ್ಕೆ ಕರೆದರೆ ಉತ್ತರವಿಲ್ಲ. ಇಂಥದನ್ನು ವೇದಿಕೆಯ ಮೇಲೆ ಬೇರೆ ಹಾಡಿಸಬೇಡಿ" ಎಂದರು. ನಾನು ಕೂಡಲೇ ಉತ್ತರ ಕೊಡಲಿಲ್ಲ. "ಯೋಚಿಸಿ ಹೇಳುತ್ತೇನೆ" ಎಂದೆ. ಆ ಯೋಚನೆಯ ಫಲವೇ ಈ ಲೇಖನ. ಆ ತಂದೆಮಗನ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಭಾಷೆಯ ಸಾಕ್ಷಿ

ಕನ್ನಡ ಅಧ್ಯಾಪಕನಾದ ನಾನು ಮೊದಲು ತಡಕಿದ್ದು ಪದಗಳನ್ನು. ಕೂಗು, ಬೊಬ್ಬೆ, ಚೀರು, ಕಿರಿಚು, ಅರಚು, ಹುಯಿಲು, ಗೋಳು, ಕೇಕೆ, ಗರ್ಜನೆ, ಆರ್ಭಟ, ಅಟ್ಟಹಾಸ, ಆಕ್ರಂದನ. ಲೆಕ್ಕ ಹಾಕಿ ನೋಡಿ, ಇವುಗಳಲ್ಲಿ ಯಾವ ಎರಡೂ ಒಂದೇ ಅಲ್ಲ. ಗೆದ್ದವನದು ಕೇಕೆ, ಸೋತವನದು ಗೋಳು. ಹೆದರಿದವನು ಚೀರುತ್ತಾನೆ, ಹೆದರಿಸುವವನು ಆರ್ಭಟಿಸುತ್ತಾನೆ. ಒಂದು ಭಾಷೆ ಕೂಗಿಗೆ ಇಷ್ಟು ಹೆಸರುಗಳನ್ನು ಇಟ್ಟಿದೆಯೆಂದರೆ, ಆ ಭಾಷೆಯ ಜನ ಕೂಗನ್ನು ಬರಿಯ ಗದ್ದಲವೆಂದು ತಳ್ಳಿಹಾಕಿಲ್ಲವೆಂದೇ ಅರ್ಥ.

ಸುಮಾರು ಸಾವಿರ ವರ್ಷಗಳ ಹಿಂದೆ ರನ್ನ ಮಹಾಕವಿ 'ಗದಾಯುದ್ಧ'ವನ್ನು ಬರೆದನು. ಅದರಲ್ಲಿನ ಒಂದು ಸನ್ನಿವೇಶವನ್ನು ನೀವು ಪಾಠದಲ್ಲಿ ಓದಿರಬಹುದು. ಎಲ್ಲರನ್ನೂ ಕಳೆದುಕೊಂಡ ದುರ್ಯೋಧನ ವೈಶಂಪಾಯನ ಸರೋವರದ ನೀರಿನೊಳಗೆ ಅಡಗಿದ್ದಾನೆ. ದಡದ ಮೇಲೆ ನಿಂತ ಭೀಮ ಗರ್ಜಿಸುತ್ತಾನೆ. ತಣ್ಣನೆಯ ನೀರಿನ ಆಳದಲ್ಲಿ ಕುಳಿತವನ ಮೈಯಲ್ಲಿಯೂ ಆಗ ಬೆವರೊಡೆಯುತ್ತದೆ. ಬೆವರಿಸಿದ್ದು ಗದೆಯ ಪೆಟ್ಟಲ್ಲ, ಬರಿಯ ಧ್ವನಿ. ಅವಮಾನವನ್ನು ವರ್ಷಗಟ್ಟಲೆ ನುಂಗಿಕೊಂಡಿದ್ದ ಮನುಷ್ಯನ ಎದೆಯಿಂದ ಒಮ್ಮೆಲೇ ಹೊರಟ ಧ್ವನಿ.

ಕಾಸರಗೋಡಿನ ಕಡೆಯ ತೆಂಕುತಿಟ್ಟು ಯಕ್ಷಗಾನವನ್ನು ನೋಡಿದವರಿಗೆ ಬಣ್ಣದ ವೇಷದ ಪರಿಚಯವಿರುತ್ತದೆ. ನಡುರಾತ್ರಿ ಕಳೆದು ಕಣ್ಣು ಎಳೆಯುವ ಹೊತ್ತು. ಚೆಂಡೆ ಒಮ್ಮೆಗೇ ಬಿರುಸಾಗುತ್ತದೆ. ತೆರೆಯ ಹಿಂದಿನಿಂದ ರಕ್ಕಸನ ಆರ್ಭಟ ಕೇಳಿಸುತ್ತದೆ. ಮಡಿಲಲ್ಲಿ ಮಲಗಿದ್ದ ಮಗು ಎದ್ದು ಅಜ್ಜಿಯ ಸೆರಗನ್ನು ಹಿಡಿಯುತ್ತದೆ. ವೇಷ ಇನ್ನೂ ಕಂಡಿಲ್ಲ, ಆದರೆ ಭಯ ಆಗಲೇ ಬಂದು ಕುಳಿತಿದೆ! ನಮ್ಮ ಕೇರಳದ ಕಥಕಳಿಯಲ್ಲಿಯೂ ಹಾಗೆಯೇ. ಪಚ್ಚೆ ವೇಷದ ನಾಯಕ ತುಟಿ ಬಿಚ್ಚುವಂತಿಲ್ಲ. ಕತ್ತಿ, ತಾಡಿ, ಕರಿ ವೇಷಗಳಿಗೆ ಮಾತ್ರ ಗರ್ಜಿಸುವ ಹಕ್ಕು. ಭರತ ಮುನಿ ನಾಟ್ಯಶಾಸ್ತ್ರದಲ್ಲಿ ಹೇಳಿದ ನಾಲ್ಕು ವೃತ್ತಿಗಳಲ್ಲಿ ಆರಭಟಿಯೂ ಒಂದು. ಕ್ರೋಧ, ಯುದ್ಧ, ಕೋಲಾಹಲಗಳಿಗೆ ಮೀಸಲಾದ ವೃತ್ತಿ ಅದು.

ಆದುದರಿಂದ ಕೂಗಿಗೆ ಕಲೆಯಲ್ಲಿ ಸ್ಥಾನವಿದೆಯೇ ಎಂಬ ಪ್ರಶ್ನೆಗೆ ನಮ್ಮ ಹಿರಿಯರು ಎಂದೋ ಉತ್ತರ ಕೊಟ್ಟಾಗಿದೆ. ಉಳಿದ ಪ್ರಶ್ನೆ, ಅದು ನಮ್ಮನ್ನು ಅಷ್ಟೊಂದು ಅಲುಗಾಡಿಸುವುದೇಕೆ ಎಂಬುದು.

ಗಂಟಲಲ್ಲಿ ನಡೆಯುವುದೇನು?

ನಮ್ಮ ಕೊರಳಿನ ಧ್ವನಿಪೆಟ್ಟಿಗೆಯಲ್ಲಿ ಎರಡು ಧ್ವನಿತಂತುಗಳಿವೆ. ಹೆಸರು ತಂತು ಎಂದಿದ್ದರೂ ಅವು ವೀಣೆಯ ತಂತಿಯಂತೆ ಇಲ್ಲ, ಮೃದುವಾದ ಎರಡು ಮಡಿಕೆಗಳಂತಿವೆ. ಶ್ವಾಸಕೋಶದಿಂದ ಬರುವ ಗಾಳಿಗೆ ಅವು ಸೇರುತ್ತ ಬಿಡುತ್ತ ಕಂಪಿಸುತ್ತವೆ. ಸಾಧಾರಣ ಮಾತಿನಲ್ಲಿ ಗಂಡಸರ ಧ್ವನಿತಂತುಗಳು ಸೆಕೆಂಡಿಗೆ ಸುಮಾರು 100ರಿಂದ 130 ಬಾರಿ, ಹೆಂಗಸರವು ಸುಮಾರು 200 ಬಾರಿ ಕಂಪಿಸುತ್ತವೆ. ಆಗತಾನೇ ಹುಟ್ಟಿದ ಶಿಶುವಿನ ಅಳುವಿನಲ್ಲಿ ಈ ಸಂಖ್ಯೆ 400ನ್ನು ದಾಟುತ್ತದೆ.

ಈ ತಂತುಗಳ ಮೇಲುಗಡೆ ಇನ್ನೊಂದು ಜೊತೆ ಮಡಿಕೆಗಳಿವೆ. ಇವನ್ನು ಹುಸಿ ಧ್ವನಿತಂತುಗಳೆನ್ನುತ್ತಾರೆ. ಮಾತನಾಡುವಾಗ ಇವು ಸುಮ್ಮನಿರುತ್ತವೆ. ರಾಕ್ ಸಂಗೀತದ ಗಾಯಕರು ಗುಟುರು ಹಾಕುವಂತೆ ಹಾಡುವಾಗ ಬಹುಮಟ್ಟಿಗೆ ಇವನ್ನೇ ಕಂಪಿಸುತ್ತಾರೆ. ಇದು ಹೊಸ ವಿದ್ಯೆಯಲ್ಲ. ಸೈಬೀರಿಯಾದ ದಕ್ಷಿಣಕ್ಕಿರುವ ತುವಾ ಪ್ರಾಂತದ ಕುರಿಗಾಹಿಗಳು 'ಕರ್ಗಿರಾ' ಎಂಬ ಹಾಡುಗಾರಿಕೆಯಲ್ಲಿ ಬಹುಕಾಲದಿಂದ ಇದನ್ನೇ ಮಾಡುತ್ತ ಬಂದಿದ್ದಾರೆ.

ಇನ್ನು ಕಿವಿಯ ವಿಚಾರ. ನಾವು ಶಾಂತವಾಗಿ ಮಾತನಾಡುವಾಗ ಧ್ವನಿಯ ಏರಿಳಿತ ಸೆಕೆಂಡಿಗೆ ನಾಲ್ಕೈದು ಬಾರಿ ನಡೆಯುತ್ತದೆ. ಅಂದರೆ ಹೆಚ್ಚುಕಡಿಮೆ ಒಂದೊಂದು ಅಕ್ಷರಕ್ಕೆ ಒಂದೊಂದು ಅಲೆ. ಚೀರುವಿಕೆಯಲ್ಲಾದರೋ ಈ ಏರಿಳಿತ ಸೆಕೆಂಡಿಗೆ 30ರಿಂದ 150 ಬಾರಿಯಷ್ಟು ವೇಗವಾಗಿರುತ್ತದೆ. ಇಷ್ಟು ವೇಗದ ಅಲೆಗಳನ್ನು ಕಿವಿ ಒಂದೊಂದಾಗಿ ಎಣಿಸಲಾರದು. ಅದಕ್ಕೆ ಅದು ಒರಟುತನವಾಗಿ ಕೇಳಿಸುತ್ತದೆ, ಗರಗಸದ ಹಲ್ಲಿನ ಮೇಲೆ ಕೈಯಾಡಿಸಿದ ಹಾಗೆ. ಲೂಕ್ ಆರ್ನಾಲ್, ಡೇವಿಡ್ ಪೊಪೆಲ್ ಮೊದಲಾದ ವಿಜ್ಞಾನಿಗಳು 2015ರಲ್ಲಿ ಪ್ರಕಟಿಸಿದ ಸಂಶೋಧನೆಯಲ್ಲಿ ಈ ಸಂಗತಿಯನ್ನು ತೋರಿಸಿದರು. ಧ್ವನಿ ಒರಟಾದಷ್ಟೂ ಅದು ಕೇಳುಗರಿಗೆ ಹೆಚ್ಚು ಭಯಾನಕವೆನಿಸಿತು. ಮಿದುಳಿನಲ್ಲಿ ಭಯಕ್ಕೆ ಸಂಬಂಧಿಸಿದ, ಬಾದಾಮಿಯ ಆಕಾರದ ಅಮಿಗ್ಡಲ ಎಂಬ ಭಾಗವೂ ಹೆಚ್ಚು ಚುರುಕಾಯಿತು. ಅಪಾಯದ ಗಂಟೆ, ವಾಹನಗಳ ಸೈರನ್ ಮುಂತಾದವುಗಳಲ್ಲಿಯೂ ಇದೇ ಒರಟುತನವಿದೆಯೆಂದು ಅವರು ಕಂಡುಕೊಂಡರು.

ಇದರ ಅರ್ಥವಿಷ್ಟೇ. ಮಾತು ಮೊದಲು ಬುದ್ಧಿಗೆ ಹೋಗಿ, ಅರ್ಥವಾದ ಬಳಿಕ ಹೃದಯಕ್ಕೆ ತಲಪುತ್ತದೆ. ಚೀರು ಅರ್ಥಕ್ಕಾಗಿ ಕಾಯುವುದಿಲ್ಲ. ನಮ್ಮ ವಯನಾಡಿನ ಗದ್ದೆಗಳಲ್ಲಿ ಏರುಮಾಡವೆಂದು ಕರೆಯುವ ಅಟ್ಟಣೆಯ ಮೇಲೆ ಇರುಳು ಕಾವಲು ಕುಳಿತವರನ್ನು ಕೇಳಿ. ಆಚೆ ಗದ್ದೆಯ ಕಾವಲುಗಾರ ಬೊಬ್ಬೆ ಹಾಕಿದನೆಂದರೆ, ಆನೆ ಬಂತೋ ಹಂದಿ ಬಂತೋ ಎಂದು ತಿಳಿಯುವ ಮೊದಲೇ ಇವರು ಎದ್ದು ನಿಂತಿರುತ್ತಾರೆ. ಅರ್ಥವಾಗದ ಭಾಷೆಯ ಹಾಡಿನಲ್ಲಿ ಬೊಬ್ಬೆ ಕೇಳಿದರೂ ನಮ್ಮ ಮೈ ಜುಮ್ಮೆನ್ನುವುದು ಇದೇ ಕಾರಣಕ್ಕೆ.

ಹೊಲದಿಂದ ವೇದಿಕೆಗೆ

ರಾಕ್ ಸಂಗೀತದಲ್ಲಿ ಈ ಕೂಗು ಎಲ್ಲಿಂದ ಬಂತು? ಅದನ್ನು ಬಿಳಿಯರ ಸಂಗೀತವೆಂದು ತಿಳಿದವರೇ ಹೆಚ್ಚು. ಅದರ ಬೇರು ಇರುವುದು ಅಮೆರಿಕೆಯ ಕರಿಯ ಜನರ ಬಾಳಿನಲ್ಲಿ. ಆಫ್ರಿಕದಿಂದ ಹಿಡಿದು ತಂದ ಜನರನ್ನು ಅಲ್ಲಿಯ ದಕ್ಷಿಣ ಪ್ರಾಂತಗಳ ಹತ್ತಿಯ ಹೊಲಗಳಲ್ಲಿ ಗುಲಾಮರನ್ನಾಗಿ ದುಡಿಸುತ್ತಿದ್ದರು. ದೂರ ದೂರ ನಿಂತು ದುಡಿಯುವಾಗ ಅವರು ಒಬ್ಬರಿಗೊಬ್ಬರು ಉದ್ದನೆಯ ಕೂಗು ಹಾಕುತ್ತಿದ್ದರು. ಕರೆಯೂ ಅದೇ, ಹಾಡೂ ಅದೇ, ಅಳುವೂ ಅದೇ. 1865ರಲ್ಲಿ ಗುಲಾಮಗಿರಿ ಕಾನೂನಿನಿಂದ ಕೊನೆಗೊಂಡರೂ ಆ ಕೂಗು ಉಳಿಯಿತು. ಒಂದು ಕವಲು ಬ್ಲೂಸ್ ಹಾಡುಗಳಿಗೆ ಹೋಯಿತು, ಇನ್ನೊಂದು ಅವರ ಇಗರ್ಜಿಗಳ ಭಕ್ತಿಗೀತೆಗೆ ಹೋಯಿತು. ಇಗರ್ಜಿಯ ಹಾಡುಗಳನ್ನು ಕೇಳುತ್ತ ಬೆಳೆದ ಲಿಟ್ಲ್ ರಿಚರ್ಡ್ ಎಂಬ ಗಾಯಕ 1955ರಲ್ಲಿ 'ಟುಟ್ಟಿ ಫ್ರುಟ್ಟಿ' ಎಂಬ ಹಾಡಿನಿಂದ ಈ ಕೂಗನ್ನು ಲೋಕಕ್ಕೆಲ್ಲ ಕೇಳಿಸಿದನು. ಇಂಗ್ಲೆಂಡಿನ ಬೀಟಲ್ಸ್ ತಂಡದ ಪಾಲ್ ಮೆಕಾರ್ಟ್ನಿ ಕೂಗಿ ಹಾಡುವುದನ್ನು ಕಲಿತದ್ದು ಈತನನ್ನು ಕೇಳಿಯೇ.

ಇದನ್ನು ಓದುವಾಗ ನನಗೆ ನಮ್ಮ ಊರೇ ನೆನಪಾಯಿತು. ಮಾನಂತವಾಡಿಯ ಹತ್ತಿರದ ವಳ್ಳಿಯೂರ್‌ಕಾವಿನ ಉತ್ಸವದಲ್ಲಿ ಹಿಂದೆ ಜಮೀನುದಾರರು ಅಡಿಯ, ಪಣಿಯ ಜನರಿಗೆ ಒಂದಿಷ್ಟು ಹಣ ಕೊಟ್ಟು ಇಡೀ ವರ್ಷದ ದುಡಿಮೆಗೆ ಕಟ್ಟಿಹಾಕುತ್ತಿದ್ದರು. ಜೀತ ಪದ್ಧತಿಯನ್ನು ತೊಡೆದುಹಾಕುವ ಕಾನೂನು ಬಂದದ್ದು 1976ರಲ್ಲಿ. ಅದೇ ಜನ ನಾಟಿಯ ಕಾಲದಲ್ಲಿ ತುಡಿ ಬಾರಿಸಿ ಕೊಳಲೂದುತ್ತ ಗದ್ದೆಗಿಳಿಯುತ್ತಿದ್ದರು. ಅಡಿಯರ ಗದ್ದಿಕೆಯಲ್ಲಿ ತುಡಿಯ ಬಡಿತದೊಂದಿಗೆ ಏರುವ ಕೂಗನ್ನು ಕೇಳಿದವರು ಅದನ್ನು ಮರೆಯಲಾರರು. ರೋಗ, ಸಂಕಟಗಳನ್ನು ಕಳೆಯಲು ಅವರು ನಡೆಸುವ ಆಚರಣೆ ಅದು. ಕೆ. ಜೆ. ಬೇಬಿಯವರು ಅದರ ಹೆಸರನ್ನೇ ಹಿಡಿದು 'ನಾಡುಗದ್ದಿಕ' ಎಂಬ ನಾಟಕವನ್ನು ಕಟ್ಟಿದರು. ಹತ್ತಿಯ ಹೊಲಕ್ಕೂ ನಮ್ಮ ಭತ್ತದ ಗದ್ದೆಗೂ ಸಾವಿರಾರು ಮೈಲಿ ದೂರ. ಆದರೆ ಮಾತಾಡುವ ಹಕ್ಕಿಲ್ಲದವನ ಗಂಟಲು ಎಲ್ಲಿಯಾದರೂ ಒಂದೇ ದಾರಿಯನ್ನು ಹುಡುಕುತ್ತದೆ.

ಒಬ್ಬ ಗಾಯಕನ ಎರಡು ಕೂಗು

ಎಲ್ಲ ಕೂಗೂ ದುಃಖದ್ದೇ ಎಂದು ತಿಳಿಯಬಾರದು. ಬೀಟಲ್ಸ್ ತಂಡದ ಜಾನ್ ಲೆನನ್ ಎಂಬ ಒಬ್ಬನೇ ಗಾಯಕನಿಂದ ಎರಡು ಉದಾಹರಣೆ ಕೊಡುತ್ತೇನೆ.

1963ರ ಫೆಬ್ರವರಿ 11ರಂದು ಈ ತಂಡ ಲಂಡನಿನ ಸ್ಟುಡಿಯೋದಲ್ಲಿ ಒಂದೇ ದಿನ ಹತ್ತು ಹಾಡುಗಳನ್ನು ಧ್ವನಿಮುದ್ರಿಸಿತು. ಲೆನನ್‌ಗೆ ಆ ದಿನ ಕೆಟ್ಟ ಶೀತ. 'ಟ್ವಿಸ್ಟ್ ಅಂಡ್ ಶೌಟ್' ಎಂಬ ಹಾಡಿಗೆ ಗಂಟಲು ಪೂರ್ತಿ ಬಳಸಬೇಕಾಗಿದ್ದುದರಿಂದ ಅದನ್ನು ಕೊನೆಗೆಂದು ಇಟ್ಟುಕೊಂಡರು. ರಾತ್ರಿ ಅದನ್ನು ಹಾಡಿದಾಗ ಉಳಿದಿದ್ದ ಧ್ವನಿಯೆಲ್ಲ ಒಮ್ಮೆಗೇ ಖರ್ಚಾಯಿತು. ಮೊದಲ ಸಲ ಹಾಡಿದ್ದೇ ಇಂದು ನಾವು ಕೇಳುವ ಮುದ್ರಿಕೆ. ಆ ಕೂಗಿನಲ್ಲಿರುವುದು ಯೌವನದ ಉಲ್ಲಾಸ, ನಮ್ಮ ಮಕ್ಕಳು ಕಬಡ್ಡಿ ಗೆದ್ದಾಗ ಹಾಕುವ ಕೇಕೆಯಂಥದು.

ಎರಡನೆಯದು 1970ರದು. ಲೆನನ್ ಚಿಕ್ಕವನಿದ್ದಾಗಲೇ ತಂದೆ ಮನೆ ಬಿಟ್ಟು ಹೋಗಿದ್ದ. ತಾಯಿ ಅವನನ್ನು ಅಕ್ಕನ ಮನೆಯಲ್ಲಿ ಬಿಟ್ಟಿದ್ದಳು. ಅವಳೂ 1958ರಲ್ಲಿ ವಾಹನ ಬಡಿದು ತೀರಿಕೊಂಡಳು. ಆಗ ಅವನಿಗೆ ಹದಿನೇಳು ವರ್ಷ. ಲೋಕಪ್ರಸಿದ್ಧನಾದ ಮೇಲೂ ಆ ನೋವು ಒಳಗೇ ಇತ್ತು. 1970ರಲ್ಲಿ ಅವನು ಹಾಡಿದ 'ಮದರ್' ಎಂಬ ಹಾಡು ನಿಧಾನವಾದ ಗಂಟೆಯ ನಾದದಿಂದ ತೊಡಗುತ್ತದೆ, ಮೆಲ್ಲನೆ ಸಾಗುತ್ತದೆ. ಕೊನೆಯಲ್ಲಿ ಅವನು ತಾಯಿಯನ್ನೂ ತಂದೆಯನ್ನೂ ಮತ್ತೆ ಮತ್ತೆ ಕರೆಯುತ್ತಾನೆ. ಒಂದೊಂದು ಸಲಕ್ಕೂ ಧ್ವನಿ ಒಡೆಯುತ್ತ ಹೋಗಿ ಬರಿಯ ಚೀರಾಗುತ್ತದೆ. ಆಗ ಅವನ ವಯಸ್ಸು ಸುಮಾರು ಮೂವತ್ತು. ಆದರೆ ಕೂಗುತ್ತಿರುವವನು ಪುಟ್ಟ ಹುಡುಗ.

ಆ ಕಾಲದಲ್ಲಿ ಆರ್ಥರ್ ಜಾನೋವ್ ಎಂಬ ಅಮೆರಿಕದ ಚಿಕಿತ್ಸಕ, ಬಾಲ್ಯದ ನೋವನ್ನು ಚೀರಿ ಹೊರಹಾಕಿದರೆ ಮನೋರೋಗ ವಾಸಿಯಾಗುತ್ತದೆಂದು ಪುಸ್ತಕ ಬರೆದಿದ್ದನು. ಲೆನನ್ ಅವನಲ್ಲಿ ಚಿಕಿತ್ಸೆ ಪಡೆದಿದ್ದನು. ಮನಶ್ಶಾಸ್ತ್ರಜ್ಞರು ಈ ಚಿಕಿತ್ಸೆಯನ್ನು ಒಪ್ಪಿಲ್ಲವೆಂಬುದನ್ನು ಇಲ್ಲಿ ಹೇಳಲೇಬೇಕು. ಚೀರಿದ ಮಾತ್ರಕ್ಕೆ ನೋವು ವಾಸಿಯಾಗದು. ಆದರೆ ಹೇಳಲಾಗದ್ದಕ್ಕೆ ಒಂದು ರೂಪ ದೊರೆಯಬಹುದು. ಕಲೆ ಮಾಡುವ ಕೆಲಸವೇ ಅದಲ್ಲವೇ?

ಈ ಎರಡು ಹಾಡುಗಳಿಂದ ಇನ್ನೊಂದು ಪಾಠವೂ ಸಿಗುತ್ತದೆ. ಕೂಗಿಗೆ ಬೆಲೆ ಬರುವುದು ಅದರ ಮೊದಲಿನ ಮೌನದಿಂದ. ಬಣ್ಣದ ವೇಷ ರಾತ್ರಿಯಿಡೀ ಆರ್ಭಟಿಸುತ್ತಿದ್ದರೆ ಮಗು ನಿದ್ದೆಯಿಂದ ಏಳುತ್ತಿರಲಿಲ್ಲ. ಅದರ ಆರ್ಭಟಕ್ಕೂ ಚೆಂಡೆಯ ಲೆಕ್ಕವುಂಟು. ರಾಕ್ ಗಾಯಕನ ಬೊಬ್ಬೆಯೂ ಡ್ರಮ್ಮಿನ ತಾಳದೊಳಗೇ ಬೀಳುತ್ತದೆ. ತಾಳ ತಪ್ಪಿದ ಬೊಬ್ಬೆ ಬೀದಿಜಗಳ.

ನೆರೆಯ ಊರಿನವರೆಗೆ

ಆ ಹುಡುಗ ನನಗೆ ಕೇಳಿಸಿದ್ದು ದೂರದ ದೇಶದ ಹಾಡಲ್ಲ. ನಮ್ಮ ಪಕ್ಕದ ಜಿಲ್ಲೆಯಾದ ಕಣ್ಣೂರಿನ ಯುವಕರು 2009ರಲ್ಲಿ ಕಟ್ಟಿದ 'ದ ಡೌನ್ ಟ್ರಾಡೆನ್ಸ್' ಎಂಬ ತಂಡದ್ದು. ತುಳಿತಕ್ಕೊಳಗಾದವರು ಎಂಬ ಅರ್ಥದ ಇಂಗ್ಲಿಷ್ ಪದವನ್ನೇ ತಿರುಚಿ ಇಟ್ಟ ಹೆಸರು ಅದು. ಬೆಂಗಳೂರಿನ ಅರಮನೆ ಮೈದಾನದಲ್ಲಿ 2007ರ ಮಾರ್ಚ್ 17ರಂದು ಇಂಗ್ಲೆಂಡಿನ ಐರನ್ ಮೇಡನ್ ತಂಡವೂ, 2011ರ ಅಕ್ಟೋಬರ್ 30ರಂದು ಅಮೆರಿಕದ ಮೆಟಾಲಿಕಾ ತಂಡವೂ ಹಾಡಿದಾಗ ಸಾವಿರಾರು ಯುವಕರು ನೆರೆದಿದ್ದರು. ಈ ಕೂಗು ನಮ್ಮ ಮನೆಬಾಗಿಲಿಗೆ ಬಂದು ಬಹಳ ಕಾಲವಾಯಿತು.

ಇದರಿಂದ ಮಕ್ಕಳು ಕೆಡುತ್ತಾರೆಯೇ?

ಪೋಷಕರ ಭಯ ಇಲ್ಲಿದೆ, ಮತ್ತು ಅದು ಸಹಜವಾದುದು. ಸಿಟ್ಟಿನ ಹಾಡು ಕೇಳಿದರೆ ಸಿಟ್ಟು ಹೆಚ್ಚುವುದಿಲ್ಲವೇ? ಆಸ್ಟ್ರೇಲಿಯದ ಕ್ವೀನ್ಸ್‌ಲೆಂಡ್ ವಿಶ್ವವಿದ್ಯಾನಿಲಯದ ಇಬ್ಬರು ಸಂಶೋಧಕಿಯರು 2015ರಲ್ಲಿ ಇದನ್ನು ಪರೀಕ್ಷಿಸಿದರು. ಇಂಥ ಸಂಗೀತವನ್ನು ಮೆಚ್ಚುವ 39 ಮಂದಿಗೆ ಮೊದಲು ಸಿಟ್ಟು ಬರಿಸುವ ಸಂಗತಿಗಳನ್ನು ನೆನಪಿಸಿದರು. ಬಳಿಕ ಕೆಲವರಿಗೆ ಅವರಿಷ್ಟದ ಸಂಗೀತ, ಉಳಿದವರಿಗೆ ಮೌನ. ಸಂಗೀತ ಕೇಳಿದವರ ಸಿಟ್ಟು ಹೆಚ್ಚಲಿಲ್ಲ, ಮೌನವಾಗಿದ್ದವರಂತೆ ಅವರೂ ಶಾಂತರಾದರು. ಜೊತೆಗೆ ಹುರುಪೂ ಬಂದಿತ್ತು. ಪರೀಕ್ಷೆಗೊಳಗಾದವರು 18 ದಾಟಿದವರು, ಆ ಸಂಗೀತವನ್ನು ತಾವಾಗಿ ಇಷ್ಟಪಟ್ಟವರು ಎಂಬುದನ್ನೂ ಮರೆಯಬಾರದು. ಇಷ್ಟವಿಲ್ಲದವನಿಗೆ ಒತ್ತಾಯದಿಂದ ಕೇಳಿಸಿದರೆ ತಲೆನೋವೇ ಸರಿ.

ನಿಜವಾದ ಅಪಾಯ ಬೇರೆಡೆ ಇದೆ. ಅದನ್ನು ನನ್ನ ಅನುಭವದಿಂದಲೇ ಹೇಳುತ್ತೇನೆ. ಅಧ್ಯಾಪಕನಾದ ಮೊದಲ ವರ್ಷಗಳಲ್ಲಿ ತುಂಬಿದ ತರಗತಿಯ ಗದ್ದಲವನ್ನು ಮೀರಿಸಲು ನಾನು ದಿನವೂ ಕಿರಿಚುತ್ತಿದ್ದೆ. ಒಂದು ಮಳೆಗಾಲದಲ್ಲಿ ಸ್ವರ ಬಿದ್ದುಹೋಯಿತು. ವೈದ್ಯರು ಪರೀಕ್ಷಿಸಿ ಧ್ವನಿತಂತುಗಳ ಮೇಲೆ ಪುಟ್ಟ ಗಂಟುಗಳಾಗಿವೆಯೆಂದರು. ತಂತುಗಳು ಬಲವಾಗಿ ಉಜ್ಜಿ ಉಜ್ಜಿ, ಕೊಡಲಿ ಹಿಡಿದವನ ಅಂಗೈಯಂತೆ ದಪ್ಪಗಟ್ಟಿದ್ದವು. ಎರಡು ವಾರ ಮಾತನಾಡದೆ ಇದ್ದೆ. ಪಾಠವನ್ನೆಲ್ಲ ಕರಿಹಲಗೆಯ ಮೇಲೆ ಬರೆದೆ. ಆ ಎರಡು ವಾರ ತರಗತಿ ಎಂದಿಗಿಂತಲೂ ಶಾಂತವಾಗಿತ್ತೆಂಬುದು ಬೇರೆ ಮಾತು!

ಆದುದರಿಂದ ವಿದ್ಯಾರ್ಥಿ ಮಿತ್ರರೇ, ವೇದಿಕೆಯ ಮೇಲೆ ಬೊಬ್ಬೆ ಹಾಕುವವರು ಸುಮ್ಮನೆ ಗಂಟಲು ಹರಿದುಕೊಳ್ಳುತ್ತಾರೆಂದು ತಿಳಿಯಬೇಡಿ. ಅವರು ಹೊಟ್ಟೆಯಿಂದ ಉಸಿರು ಹಿಡಿದು, ಗಂಟಲನ್ನು ಸಡಿಲಬಿಟ್ಟು, ವರ್ಷಗಟ್ಟಲೆ ಅಭ್ಯಾಸ ಮಾಡುತ್ತಾರೆ. ನಮಗೆ ಕೇಳುವ ಬೊಬ್ಬೆಯ ಬಹುಪಾಲು ಮೈಕಿನ ಕೊಡುಗೆ. ನ್ಯೂಯಾರ್ಕಿನ ಮೆಲಿಸಾ ಕ್ರಾಸ್ ಎಂಬ ಶಿಕ್ಷಕಿ ಇದನ್ನು ಕಲಿಸುವುದನ್ನೇ ವೃತ್ತಿಯಾಗಿಸಿಕೊಂಡಿದ್ದಾರೆ. ನಿಮ್ಮ ವಯಸ್ಸಿನಲ್ಲಿ, ಮುಖ್ಯವಾಗಿ ಹುಡುಗರಲ್ಲಿ, ಧ್ವನಿಪೆಟ್ಟಿಗೆ ಬೆಳೆಯುತ್ತ ಸ್ವರ ಒಡೆಯುತ್ತಿರುತ್ತದೆ. ಆಗ ಅನುಕರಿಸಲು ಹೋದರೆ ನನ್ನ ಗತಿಯೇ ನಿಮಗೂ ಬಂದೀತು. ಸ್ವರ ಕಟ್ಟಿ ಮೂರು ವಾರವಾದರೂ ಸರಿಹೋಗದಿದ್ದರೆ ವೈದ್ಯರಿಗೆ ತೋರಿಸಬೇಕು. ಕಿವಿಗೆ ಸಿಕ್ಕಿಸಿಕೊಳ್ಳುವ ಇಯರ್‌ಫೋನಿನ ಸದ್ದನ್ನು ಕಡಿಮೆ ಇಡಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಮಕ್ಕಳಿಗೆ 75 ಡೆಸಿಬೆಲ್ ಸದ್ದು ವಾರಕ್ಕೆ 40 ಗಂಟೆ, ಅದೇ ಮೇರೆ. ಪಕ್ಕದಲ್ಲಿ ಕುಳಿತವನಿಗೂ ನಿಮ್ಮ ಹಾಡು ಕೇಳಿಸುತ್ತಿದ್ದರೆ ಸದ್ದು ಮಿತಿ ಮೀರಿದೆಯೆಂದೇ ತಿಳಿಯಿರಿ.

ಆ ಹುಡುಗನ ಮಾತು

ಇಷ್ಟೆಲ್ಲ ಓದಿಕೊಂಡ ಮೇಲೆ ನಾನು ಹುಡುಗನನ್ನು ಕರೆದು, "ನಿನಗೆ ಈ ಹಾಡು ಯಾಕೆ ಹಿಡಿಸಿತು?" ಎಂದು ಕೇಳಿದೆ. ಅವನು ಬಹಳ ಹೊತ್ತು ನೆಲ ನೋಡುತ್ತಿದ್ದ. ಬಳಿಕ ಹೇಳಿದ: "ಮಾಷೇ, ನಮ್ಮ ಚಿಕ್ಕಮ್ಮನ ಮನೆ ಚೂರಲ್‌ಮಲೆಯಲ್ಲಿತ್ತು."

ಮತ್ತೇನೂ ಹೇಳಬೇಕಾಗಿರಲಿಲ್ಲ. 2024ರ ಜುಲೈ 30ರ ನಡುರಾತ್ರಿ ಕಳೆದು ಮುಂಡಕ್ಕೈ, ಚೂರಲ್‌ಮಲೆಗಳ ಮೇಲೆ ಗುಡ್ಡ ಜರಿದು ಬಂದುದನ್ನು ವಯನಾಡಿನವರಿಗೆ ಯಾರೂ ವಿವರಿಸಬೇಕಾಗಿಲ್ಲ. 250ಕ್ಕೂ ಹೆಚ್ಚು ಜೀವಗಳು ಹೋದುವು. ಅವುಗಳಲ್ಲಿ ಅವನ ಓರಗೆಯ ತಮ್ಮನದೂ ಒಂದು. ಆ ದಿನಗಳಲ್ಲಿ ಮನೆಯ ದೊಡ್ಡವರೆಲ್ಲ ಗೋಳಾಡಿ ಅತ್ತರು. ಈ ಹುಡುಗ ನೀರು ತಂದ, ಬಂದವರಿಗೆ ಕುರ್ಚಿ ಹಾಕಿದ. ಅವನು ಅಳಲಿಲ್ಲ. "ಗಟ್ಟಿ ಹುಡುಗ" ಎಂದು ಎಲ್ಲರೂ ಹೊಗಳಿದರು. "ಈ ಹಾಡಿನಲ್ಲಿ ಅವರು ಬೊಬ್ಬೆ ಹಾಕುವಾಗ ನಾನು ಸುಮ್ಮನಿದ್ದರೂ ಆಗುತ್ತದೆ ಮಾಷೇ" ಎಂದ.

ನಾನು ಅವನ ತಂದೆಯನ್ನು ಕರೆಸಿ, "ಒಂದೇ ಒಂದು ಸಲ ಮಗನ ಪಕ್ಕದಲ್ಲಿ ಕುಳಿತು ಆ ಹಾಡನ್ನು ಕೊನೆತನಕ ಕೇಳಿ. ಟೀಕೆ ಬೇಡ" ಎಂದಷ್ಟೇ ಹೇಳಿದೆ. ಒಂದು ವಾರದ ಬಳಿಕ ಪೇಟೆಯಲ್ಲಿ ಸಿಕ್ಕರು. "ಹಾಡು ನನಗೆ ಹಿಡಿಸಲಿಲ್ಲ ಮಾಷೇ, ಸುಳ್ಳು ಹೇಳುವುದಿಲ್ಲ. ಆದರೆ ಮುಗಿದ ಮೇಲೆ ಅವನು ತಮ್ಮನ ಮಾತು ತೆಗೆದ. ಆರು ತಿಂಗಳಲ್ಲಿ ಮೊದಲನೆಯ ಸಲ. ಇಬ್ಬರೂ ಜಗಲಿಯಲ್ಲಿ ಕುಳಿತು ಅತ್ತೆವು" ಎಂದರು.

ವಾರ್ಷಿಕೋತ್ಸವದಲ್ಲಿ ಅವನು ಆ ಹಾಡನ್ನು ಹಾಡಲಿಲ್ಲ. ಒಡೆಯುತ್ತಿದ್ದ ಅವನ ಸ್ವರಕ್ಕೆ ಅದು ಸಲ್ಲದೆಂದು ನಾನೇ ತಡೆದೆ, ಕಾರಣವನ್ನೂ ತಿಳಿಸಿದೆ. ಅವನು ಒಪ್ಪಿ, ಸಮೂಹ ಗಾನಕ್ಕೆ ಡ್ರಮ್ ಬಾರಿಸಿದ.

ಮಾನ್ಯ ಪೋಷಕರೇ, ಮಕ್ಕಳು ಕೇಳುವುದನ್ನೆಲ್ಲ ನಾವು ಮೆಚ್ಚಬೇಕಾಗಿಲ್ಲ. ಆದರೆ "ನಿಲ್ಲಿಸು" ಎನ್ನುವ ಮೊದಲು "ಯಾಕೆ?" ಎಂದು ಕೇಳೋಣ. ಮಕ್ಕಳೇ, ನೀವೂ ಬಾಗಿಲು ಹಾಕಿಕೊಂಡು ಒಬ್ಬರೇ ಕೇಳುವ ಬದಲು, ಒಂದು ದಿನ ಅಪ್ಪ ಅಮ್ಮನನ್ನು ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳಿ. ಗದ್ದೆಯ ಅಟ್ಟಣೆಯಿಂದ ಒಬ್ಬ ಕೂಗಿದರೆ ಆಚೆಯವನು ಓಗೊಡುತ್ತಾನೆ. ಅದು ನಮ್ಮ ಊರಿನ ಪದ್ಧತಿ. ಮನೆಯೊಳಗೂ ಅದು ನಡೆಯಲಿ.